ತಿಕ್ಕಲು ಸಿನಿಮಾ ನೋಡಿ ನಮ್ಮ ಬದುಕು, ಪ್ರೀತಿಯ ಬಗ್ಗೆ ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

‘ಸಿನಿಮಾ ಮುಗಿಸಿ ಎದ್ದಾಗ ಎದೆ ತುಂಬಿ ಬಂದಿತ್ತು. ಬರೆಯಲು ಕೂತರೆ ಬರೀ ಕತೆ ಬಂತು.’ ಗೆಳೆಯರು ಓದಲು ಕಳಿಸುವ ಬರಹಗಳ ಜತೆ ಹೆಚ್ಚುಕಡಿಮೆ ಇದೇ ಮಾತು ಇರುತ್ತದೆ. ಬರಹ ಓದಿದರೆ ಅವರು ಹೇಳಿದ್ದು ನಿಜ. ಮುಕ್ಕಾಲು ಪಾಲು ಸಿನಿಮಾದಲ್ಲಿ ಏನೇನಾಯಿತು ಅನ್ನುವ ವರದಿ. ಉಳಿದ ಕಾಲು ಪಾಲು ‘ಪ್ರೀತಿ ಅಂದರೆ ಇದೇ ತಾನೇ’ ಅನ್ನುವ ಧಾಟಿಯ ನಾಲ್ಕು ದೊಡ್ಡ ಮಾತು. ಎದೆ ತುಂಬಿ ಬಂದ ಆ ಮನುಷ್ಯ ಮಾತ್ರ ಎಲ್ಲೂ ಇರುವುದಿಲ್ಲ.

ಇವರಿಗೆ ಬರೆಯಲು ಬರುವುದಿಲ್ಲ ಅಂತಲ್ಲ. ಮಾಡುವ ಕ್ರಮ ತಪ್ಪಿರುತ್ತದೆ. ಕೊನೆಗೆ ಬರಬೇಕಾದ ಅರ್ಥವನ್ನು ಮೊದಲೇ ಹುಡುಕಲು ಹೊರಡುತ್ತಾರೆ, ಮೊದಲು ಹಿಡಿಯಬೇಕಾದ ಸಣ್ಣ ವಿವರ ಅಷ್ಟರಲ್ಲಿ ಕೈಜಾರಿರುತ್ತದೆ. ಕೆಳಗಿನ ಒಂಬತ್ತು ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಹಂತ ಬಿಟ್ಟರೂ ಕಷ್ಟ, ಅದಲುಬದಲು ಮಾಡಿದರೆ ಇನ್ನೂ ಕಷ್ಟ.

ತಿಕ್ಕಲು ಸಿನಿಮಾ ಅಂತ ನಾನು ಕರೆಯುವುದು ಯಾವುದನ್ನು ಅಂತ ಹೇಳಿಬಿಡುತ್ತೇನೆ. ಲೋಕದ ಯಾವುದೋ ಒಂದು ರೀತಿನೀತಿಯನ್ನು ತಿರುಚಿ, ತಿರುಚಿದ್ದನ್ನು ಕೊನೆವರೆಗೂ ಗಂಭೀರವಾಗಿ ಪಾಲಿಸುವ ಸಿನಿಮಾ. ಅದರೊಳಗಿನ ಜನಕ್ಕೆ ತಾವು ವಿಚಿತ್ರ ಅಂತ ಅನ್ನಿಸುವುದೇ ಇಲ್ಲ. ನಮ್ಮೊಳಗೆ ಮುಚ್ಚಿಟ್ಟದ್ದನ್ನು ಈ ಬಗೆಯ ಸಿನಿಮಾ ಎಬ್ಬಿಸುವಷ್ಟು ಬೇರೆ ಯಾವುದೂ ಎಬ್ಬಿಸುವುದಿಲ್ಲ ಅಂತ ನಾನು ನಂಬಿದ್ದೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು, ಬೇಕಾದ ಸಮಯ

ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಗಡಿಯಾರ. ಗಡಿಯಾರ ಫೋನಿನದ್ದಾಗಬಾರದು. ಸಮಯ ನೋಡಲು ಕೈಗೆತ್ತಿಕೊಂಡ ಫೋನು ಬೇಗ ಕೆಳಗಿಳಿಯುವುದಿಲ್ಲ. ಸಿನಿಮಾದ ಒಂದೆರಡು ದೃಶ್ಯವನ್ನು ಆಮೇಲೆ ಮತ್ತೆ ಹಾಕಿ ನೋಡುವ ಅನುಕೂಲ ಇರಬೇಕು. ಇಷ್ಟೇ.

ಸಮಯ ಮಾತ್ರ ಒಂದು ವಾರ ಬೇಕು. ಮೊದಲ ದಿನ ಸಿನಿಮಾ, ಅದರ ಬೆನ್ನಿಗೇ 15 ನಿಮಿಷ ಬರವಣಿಗೆ. ಎರಡನೇ ದಿನ ಅರ್ಧ ಗಂಟೆ. ಮೂರನೇ ದಿನ ಕರಡಿಗೆ ಒಂದು ಗಂಟೆ. ಆಮೇಲೆ ಎರಡು ದಿನ ಮುಟ್ಟಬಾರದು. ಉಳಿದ ಎರಡು ದಿನ ತಿದ್ದಲು, ಕೇಳಬೇಕಾದವರನ್ನು ಕೇಳಲು. ಎಲ್ಲವನ್ನೂ ಒಂದೇ ರಾತ್ರಿ ಮುಗಿಸಲು ಹೊರಟವರ ಬರಹ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಎದೆಯ ಭಾರ ಇರುತ್ತದೆ, ಅದು ಯಾವುದರ ಭಾರ ಅಂತ ಓದುವವರಿಗೆ ತಿಳಿಯುವುದಿಲ್ಲ.

ಹಂತ 1: ಸಿನಿಮಾ ಆರಿಸುವುದು

ಎಲ್ಲರೂ ಹೊಗಳುವ ಸಿನಿಮಾ ಬೇಡ. ಅದರ ಬಗ್ಗೆ ಏನು ಅನ್ನಿಸಬೇಕು ಅನ್ನುವುದು ಆಗಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ. ನೋಡಿ ಎಷ್ಟೋ ದಿನವಾದ ಮೇಲೂ ‘ಅವನು ಯಾಕೆ ಹಾಗೆ ಮಾಡಿದ’ ಅಂತ ತಲೆಯಲ್ಲಿ ಕೊರೆಯುತ್ತಿರುವ ಸಿನಿಮಾ ಇದ್ದರೆ ಅದನ್ನು ತೆಗೆದುಕೊಳ್ಳಿ. ಅಂಥದ್ದು ಇಲ್ಲದಿದ್ದರೆ, ನೋಡುವಾಗ ನಿಮಗೂ ಪಕ್ಕದಲ್ಲಿ ಕೂತವರಿಗೂ ಜಗಳ ಹತ್ತಿದ ಸಿನಿಮಾ ಆಗಬಹುದು.

ಆರನೇ ಹಂತ ಮುಗಿಯುವ ತನಕ ವಿಮರ್ಶೆ ಓದಬೇಡಿ, ವಿವರಣೆಯ ವಿಡಿಯೊ ನೋಡಬೇಡಿ. ಬೇರೆಯವರ ಒಳ್ಳೆಯ ಮಾತು ಒಮ್ಮೆ ತಲೆಯೊಳಗೆ ಕೂತರೆ ನಿಮ್ಮ ಅರೆಬರೆ ಮಾತು ನಾಚಿಕೊಂಡು ಹಿಂದೆ ಸರಿಯುತ್ತದೆ. ನಮಗೆ ಬೇಕಿರುವುದು ಆ ಅರೆಬರೆ ಮಾತೇ.

ಹಂತ 2: ನೋಡುವುದು

ಒಬ್ಬರೇ ನೋಡಿ. ನಡುವೆ ನಿಲ್ಲಿಸಬೇಡಿ. ವಾಕ್ಯಗಳನ್ನು ಬರೆದುಕೊಳ್ಳಲೂ ಬೇಡಿ. ಬರೆಯುತ್ತ ನೋಡುವವರು ಮುಂದಿನ ದೃಶ್ಯದಲ್ಲಿ ಬರೆಯುವಂಥದ್ದು ಏನಿದೆ ಅಂತ ಕಾಯತೊಡಗುತ್ತಾರೆ, ಮೈಮರೆಯುವುದು ತಪ್ಪಿಹೋಗುತ್ತದೆ. ಮೈ ಏನಾದರೂ ಹೇಳಿದ ಕಡೆ, ಅಂದರೆ ನಗು ಬಂದ ಕಡೆ, ಗಂಟಲು ಕಟ್ಟಿದ ಕಡೆ, ತೆರೆಯಿಂದ ಕಣ್ಣು ತಾನಾಗಿ ಬೇರೆ ಕಡೆ ಹೊರಳಿದ ಕಡೆ, ಗಡಿಯಾರ ನೋಡಿ ಗಂಟೆ ನಿಮಿಷವನ್ನಷ್ಟೇ ಗುರುತು ಹಾಕಿಕೊಳ್ಳಿ.

ಗೊತ್ತಿಲ್ಲದ ಭಾಷೆಯ ಸಿನಿಮಾ ಆದರೆ ಒಂದು ಎಚ್ಚರಿಕೆ. ಸಬ್‌ಟೈಟಲ್ ಓದುವಾಗ ಕಣ್ಣು ತೆರೆಯ ಕೆಳಗಡೆಯೇ ಇರುತ್ತದೆ, ಕೈಗಳು ಏನು ಮಾಡುತ್ತಿವೆ ಅನ್ನುವುದು ತಪ್ಪಿಹೋಗುತ್ತದೆ. ಗುರುತು ಹಾಕಿಕೊಂಡ ದೃಶ್ಯಗಳನ್ನು ಮರುದಿನ ಸಬ್‌ಟೈಟಲ್ ತೆಗೆದು ಇನ್ನೊಮ್ಮೆ ನೋಡಿ. ಪಾತ್ರ ಆಡಿದ ಮಾತು ಒಂದು, ಅದರ ಬೆರಳು ಮಾಡುತ್ತಿದ್ದದ್ದು ಇನ್ನೊಂದು ಅನ್ನುವುದು ಆಗ ಕಾಣುತ್ತದೆ.

ಹಂತ 3: ಮುಗಿದ ಕೂಡಲೇ 15 ನಿಮಿಷ

ಹೆಸರುಗಳ ಪಟ್ಟಿ ತೆರೆಯ ಮೇಲೆ ಓಡುತ್ತಿರುವಾಗಲೇ ನೋಟ್‌ಬುಕ್ ತೆರೆಯಿರಿ. ಯಾರ ಜತೆಗೂ ಮಾತಾಡಬೇಡಿ. ಮೊದಲು ಬರೆಯಬೇಕಾದ್ದು ಸಿನಿಮಾದ ಅತಿ ವಿಚಿತ್ರವಾದ ಸಣ್ಣ ವಿವರಗಳನ್ನು. ಬಣ್ಣ, ವಸ್ತು, ಯಾರೋ ಹಾಕಿಕೊಂಡ ಹೊಂದದ ಬಟ್ಟೆ, ಬಾಗಿಲು ತೆಗೆಯುವ ವಿಚಿತ್ರ ಬಗೆ. ಕತೆ ಬೇಡ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ವಿಚಿತ್ರವಾದದ್ದೇ ಮೊದಲು ಯಾಕೆ? ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ನೆನಪಿನ ಬಗ್ಗೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರಿಗೆ ಅವರ ಅನುಭವಕ್ಕೆ ದೂರವಾದ, ವಿಚಿತ್ರವಾದ ಒಂದು ಜನಪದ ಕತೆ ಓದಲು ಕೊಟ್ಟು, ಆಮೇಲೆ ಬಿಟ್ಟು ಬಿಟ್ಟು ಮತ್ತೆ ಮತ್ತೆ ಹೇಳಿಸಿದ. ಹೇಳಿದಂತೆಲ್ಲ ಕತೆ ಚಿಕ್ಕದಾಯಿತು. ವಿಚಿತ್ರವಾದ ಸಂಗತಿಗಳು ಉದುರಿಹೋದವು, ಇಲ್ಲವೇ ಹೇಳುವವರಿಗೆ ಪರಿಚಿತವಾದದ್ದಾಗಿ ಬದಲಾದವು. ಮೂಲದಲ್ಲಿದ್ದ ಕೆನೂ ಅನ್ನುವ ಕಿರಿದಾದ ಹುಟ್ಟುದೋಣಿ ಹೇಳುವವರ ಬಾಯಲ್ಲಿ ಮಾಮೂಲಿ ದೋಣಿ ಆಯಿತು. ನಿಮ್ಮ ತಲೆಯೂ ಈ ರಾತ್ರಿ ಅದೇ ಕೆಲಸ ಮಾಡುತ್ತದೆ. ನಾಳೆ ಹೊತ್ತಿಗೆ ಸಿನಿಮಾದ ತಿಕ್ಕಲೆಲ್ಲ ತೊಳೆದುಹೋಗಿ, ‘ಇಬ್ಬರು ಒಂಟಿ ಜೀವಗಳ ಕತೆ’ ಅನ್ನುವ ಸಪ್ಪೆ ಸಾಲು ಉಳಿದಿರುತ್ತದೆ.

ಎರಡನೆಯದಾಗಿ, ಎಲ್ಲೆಲ್ಲಿ ನಕ್ಕಿರಿ ಅನ್ನುವುದನ್ನು ಬರೆಯಿರಿ. ಬರೀ ‘ನಕ್ಕೆ’ ಅಂದರೆ ಸಾಲದು, ಯಾವ ನಗು ಅಂತ ಬರೆಯಿರಿ. ಇದಕ್ಕೆ ನಾಟ್ಯಶಾಸ್ತ್ರದಷ್ಟು ಒಳ್ಳೆಯ ಉಪಕರಣ ನನಗೆ ಬೇರೆ ಸಿಕ್ಕಿಲ್ಲ. ಭರತ ನಗೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ಕಾಣದಂತೆ ಕೆನ್ನೆ ಮಾತ್ರ ತುಸು ಅರಳಿದರೆ ಸ್ಮಿತ. ನಗಬಾರದ ಜಾಗದಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು ಬರುವ ನಗು ಅಪಹಸಿತ. ನಿಮ್ಮ ಪುಟದಲ್ಲಿ ಅಪಹಸಿತ ಅಂತ ಎಲ್ಲಾದರೂ ಬಿದ್ದಿದ್ದರೆ ಅದರ ಸುತ್ತ ಗೆರೆ ಎಳೆಯಿರಿ. ಬರಹ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ. ಹಾಸ್ಯ ಹುಟ್ಟುವುದು ಶೃಂಗಾರದಿಂದ ಅಂತಲೂ ಅದೇ ಗ್ರಂಥ ಹೇಳುತ್ತದೆ. ಪ್ರೀತಿಯ ತಿಕ್ಕಲು ಸಿನಿಮಾಗಳನ್ನು ನೋಡಿದಷ್ಟೂ ಆ ಮಾತು ನನಗೆ ಹೆಚ್ಚು ನಿಜ ಅನ್ನಿಸಿದೆ.

ಮೂರನೆಯದು, ಕಣ್ಣು ಹೊರಳಿಸಿದ ಜಾಗ. ‘ಆ ದೃಶ್ಯದಲ್ಲಿ ನೋಡಲಾಗಲಿಲ್ಲ’ ಅಂತಷ್ಟೇ ಬರೆದು ಬಿಡಿ. ಕಾರಣ ಈಗಲೇ ಹುಡುಕಬೇಡಿ. 15 ನಿಮಿಷಕ್ಕೆ ಪೆನ್ನು ಕೆಳಗಿಟ್ಟು ಮಲಗಿ.

ಇಲ್ಲಿ ಆಗುವ ತಪ್ಪು ಒಂದೇ, ಆದರೆ ಎಲ್ಲರಿಂದಲೂ ಆಗುವಂಥದ್ದು. ಹತ್ತನೇ ನಿಮಿಷಕ್ಕೆ ಒಂದು ಚೆಂದದ ವಾಕ್ಯ ಹೊಳೆದು, ಉಳಿದ ಹೊತ್ತೆಲ್ಲ ಅದನ್ನು ನಯ ಮಾಡುತ್ತ ಕೂರುವುದು. ಚೆಂದದ ವಾಕ್ಯ ಬಂದರೆ ಬರಲಿ, ಬರೆದುಕೊಂಡು ಮುಂದಕ್ಕೆ ಹೋಗಿ.

ಹಂತ 4: ಸಿನಿಮಾದ ಕಟ್ಟಳೆಯನ್ನು ಒಂದು ವಾಕ್ಯದಲ್ಲಿ ಹಿಡಿಯುವುದು

ಎರಡನೇ ದಿನದ ಕೆಲಸ ಇದು. ತಿಕ್ಕಲು ಸಿನಿಮಾದ ಒಳಗೊಂದು ಕಟ್ಟಳೆ ಇರುತ್ತದೆ ಅಂದೆನಲ್ಲ, ಅದನ್ನು ‘ಈ ಲೋಕದಲ್ಲಿ’ ಅಂತ ಶುರುವಾಗಿ ‘ಬೇಕು’ ಅಂತ ಮುಗಿಯುವ ಒಂದೇ ವಾಕ್ಯದಲ್ಲಿ ಬರೆಯಿರಿ.

ಯೋರ್ಗೋಸ್ ಲ್ಯಾಂಥಿಮೋಸ್ 2015ರಲ್ಲಿ ಮಾಡಿದ ‘ದ ಲಾಬ್‌ಸ್ಟರ್’ ಸಿನಿಮಾದ ಕಟ್ಟಳೆ ಹೀಗೆ ಬರುತ್ತದೆ: ಈ ಲೋಕದಲ್ಲಿ ಒಂಟಿಯಾದವರು ಒಂದು ಹೋಟೆಲ್ಲಿಗೆ ಸೇರಿ 45 ದಿನದೊಳಗೆ ಜೋಡಿ ಹುಡುಕಿಕೊಳ್ಳಬೇಕು, ಸಿಗದಿದ್ದರೆ ತಾವೇ ಆರಿಸಿಕೊಂಡ ಒಂದು ಪ್ರಾಣಿಯಾಗಬೇಕು. ಅದರ ಕೆಳಗೆ ಇನ್ನೊಂದು ಕಟ್ಟಳೆ ಅಡಗಿದೆ. ಜೋಡಿಯಾಗುವ ಇಬ್ಬರಲ್ಲೂ ಎದ್ದುಕಾಣುವ ಒಂದೇ ಲಕ್ಷಣ ಇರಬೇಕು. ಅಲ್ಲೊಬ್ಬ ಕುಂಟುವ ಯುವಕ. ಅವನ ಕಣ್ಣಿಗೆ ಬಿದ್ದ ಹುಡುಗಿಗೆ ಆಗಾಗ ಮೂಗಿನಲ್ಲಿ ರಕ್ತ ಸೋರುತ್ತದೆ. ಅವನು ತನ್ನ ಮೂಗನ್ನು ತಾನೇ ಗಟ್ಟಿ ಜಾಗಕ್ಕೆ ಬಡಿದುಕೊಂಡು ರಕ್ತ ಬರಿಸಿಕೊಳ್ಳುತ್ತಾನೆ.

ಇಲ್ಲಿ ಎಡವುವವರು ಕಟ್ಟಳೆ ಬರೆಯಿರಿ ಅಂದರೆ ಕಥಾವಸ್ತು ಬರೆಯುತ್ತಾರೆ. ‘ಇದು ಒಂಟಿತನದ ಬಗೆಗಿನ ಸಿನಿಮಾ’ ಅನ್ನುವುದು ಕಟ್ಟಳೆ ಅಲ್ಲ. ಆ ಮಾತನ್ನು ಸಾವಿರ ಸಿನಿಮಾಗಳಿಗೆ ಹೇಳಬಹುದು. ನಿಮ್ಮ ವಾಕ್ಯ ಈ ಒಂದು ಸಿನಿಮಾ ಬಿಟ್ಟು ಬೇರೆ ಯಾವುದಕ್ಕೂ ಹೊಂದಬಾರದು. ಹೊಂದುತ್ತಿದೆ ಅಂದರೆ ಮತ್ತೆ ಬರೆಯಿರಿ.

ಈಗ ಆ ಕಟ್ಟಳೆಯನ್ನು ನಿಮಗೇ ಹಾಕಿಕೊಳ್ಳುವ ಪ್ರಶ್ನೆಯಾಗಿ ತಿರುಗಿಸಿ. ಯಾವಾಗ, ಯಾರ ಎದುರು, ಎಲ್ಲಿ, ಏನನ್ನು, ಎಷ್ಟು ದಿನ: ಇವುಗಳಲ್ಲಿ ಯಾವುದಾದರೂ ಒಂದು ಪ್ರಶ್ನೆಯಲ್ಲಿ ಇರಲಿ. ‘ಯಾಕೆ’ ಬೇಡ. ‘ಯಾಕೆ’ ಅಂತ ಕೇಳಿದರೆ ಮನಸ್ಸು ವಾದ ಮಂಡಿಸಲು ನಿಲ್ಲುತ್ತದೆ, ‘ಯಾವಾಗ’ ಅಂತ ಕೇಳಿದರೆ ಒಂದು ಕೋಣೆ, ಒಂದು ಬೆಳಗು ಕಣ್ಣಿಗೆ ಕಟ್ಟುತ್ತದೆ. ಮೇಲಿನ ಸಿನಿಮಾದಿಂದ ನನಗೆ ಬಂದ ಪ್ರಶ್ನೆ: ನಾವಿಬ್ಬರೂ ಒಂದೇ ಥರ ಅಂತ ತೋರಿಸಲು ನಾನು ಯಾರ ಎದುರು, ಏನು ಸುಳ್ಳು ಹೇಳಿದ್ದೆ?

ಇನ್ನೊಂದು ಉದಾಹರಣೆ. ವಾಂಗ್ ಕಾರ್-ವಾಯ್ ಅವರ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ (1994) ಸಿನಿಮಾದಲ್ಲಿ ಒಬ್ಬ ಪೊಲೀಸನಿದ್ದಾನೆ. ಏಪ್ರಿಲ್ 1ರಂದು ಹುಡುಗಿ ಬಿಟ್ಟುಹೋದಳು. ಅವನು ದಿನಕ್ಕೊಂದರಂತೆ ಅನಾನಸ್ ಹಣ್ಣಿನ ಡಬ್ಬಿ ಕೊಳ್ಳುತ್ತಾನೆ, ಪ್ರತಿ ಡಬ್ಬಿಯ ಮೇಲೂ ಅವಧಿ ಮುಗಿಯುವ ದಿನಾಂಕ ಮೇ 1 ಎಂದೇ ಇರಬೇಕು. ಮೂವತ್ತು ಡಬ್ಬಿ ಆಗುವುದರೊಳಗೆ ಅವಳು ಬರದಿದ್ದರೆ ಪ್ರೀತಿಯ ಅವಧಿಯೂ ಮುಗಿಯಿತು ಅಂತ ಅವನೇ ಹಾಕಿಕೊಂಡ ಲೆಕ್ಕ. ಇದರಿಂದ ಹುಟ್ಟುವ ಪ್ರಶ್ನೆ: ನಾನು ಯಾರಿಗಾಗಿ, ಯಾವ ದಿನಾಂಕದ ತನಕ ಕಾಯುತ್ತೇನೆ ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ? ಈ ಪ್ರಶ್ನೆಗೆ ಉತ್ತರ ಇಲ್ಲದವರು ನನಗೆ ಇನ್ನೂ ಸಿಕ್ಕಿಲ್ಲ.

ಹಂತ 5: ನಿಮ್ಮ ಪ್ರಸಂಗ ಹುಡುಕುವುದು

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹಂತ ಇದೇ. ಅವಸರ ಮಾಡಬೇಡಿ.

ನಾಲ್ಕನೇ ಹಂತದ ಪ್ರಶ್ನೆಯನ್ನು ಪುಟದ ತಲೆಯಲ್ಲಿ ಬರೆದು, ಕೆಳಗೆ ಹತ್ತು ಸಾಲು ಉತ್ತರ ಬರೆಯಿರಿ. ಒಂದು ಸಾಲಿಗೆ ಒಂದು ಘಟನೆ. ಮೊದಲ ಮೂರು ನಾಲ್ಕು ಸಾಲು ಸಲೀಸಾಗಿ ಬರುತ್ತವೆ, ಯಾಕೆಂದರೆ ಅವು ನೀವು ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ ಪ್ರಸಂಗಗಳು. ಹೇಳಿ ಹೇಳಿ ನುಣ್ಣಗಾಗಿರುತ್ತವೆ. ಐದು ಆರನೇ ಸಾಲಿನಲ್ಲಿ ಕೈ ನಿಲ್ಲುತ್ತದೆ. ನಿಂತರೂ ಎದ್ದುಹೋಗಬೇಡಿ. ಏಳು, ಎಂಟು, ಒಂಬತ್ತರಲ್ಲಿ ಬರುವುದು ಯಾರಿಗೂ ಹೇಳದೇ ಇದ್ದದ್ದು.

ನನಗೆ ಎಂಟನೇ ಸಾಲಿನಲ್ಲಿ ಸಿಕ್ಕಿದ್ದು ಇದು. ಹಿಂದೊಮ್ಮೆ ಒಬ್ಬನನ್ನು ಪ್ರೀತಿಸುತ್ತಿದ್ದೆ. ಅವನು ನಸುಕಿನಲ್ಲೇ ಎದ್ದು ನಡೆಯಲು ಹೋಗುವವನು. ನಾನು ಎಂಟಕ್ಕೆ ಮುಂಚೆ ಕಣ್ಣು ಬಿಡುವವಳಲ್ಲ. ನಾನೂ ಬೇಗ ಏಳುವವಳೇ ಅಂತ ಮೊದಲ ವಾರದಲ್ಲೇ ಹೇಳಿಬಿಟ್ಟಿದ್ದೆ. ಅವನ ಫೋನು ಬರುತ್ತಿದ್ದದ್ದು ಆರೂವರೆಗೆ. ನಾನು ಆರೂ ಇಪ್ಪತ್ತಕ್ಕೆ ಅಲಾರಂ ಇಟ್ಟು ಎದ್ದು, ಗಂಟಲಿನ ನಿದ್ದೆ ಬಿಡಲಿ ಅಂತ ಒಂದು ಲೋಟ ಬಿಸಿನೀರು ಕುಡಿದು, ಒಂದೆರಡು ಸಲ ನನ್ನ ಹೆಸರನ್ನೇ ಗಟ್ಟಿಯಾಗಿ ಹೇಳಿ ದನಿ ಸರಿಯಿದೆಯಾ ಅಂತ ನೋಡಿಕೊಳ್ಳುತ್ತಿದ್ದೆ. ಫೋನು ಎತ್ತಿ ‘ಈಗ ತಾನೇ ನಡೆದು ಬಂದೆ’ ಅನ್ನುತ್ತಿದ್ದೆ. ಏದುಸಿರು ಕೂಡ ಬಿಡುತ್ತಿದ್ದೆ. ಮಾತು ಮುಗಿದ ಮೇಲೆ ಮತ್ತೆ ಹೊದ್ದು ಮಲಗುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು.

ಸಿನಿಮಾದಲ್ಲಿ ಆ ಯುವಕ ಮೂಗು ಬಡಿದುಕೊಂಡಾಗ ನಾನು ಕಣ್ಣು ಹೊರಳಿಸಿದ್ದು ರಕ್ತಕ್ಕೆ ಹೆದರಿ ಅಂತ ಅಂದುಕೊಂಡಿದ್ದೆ. ರಕ್ತಕ್ಕಲ್ಲ, ಬಿಸಿನೀರಿನ ಲೋಟಕ್ಕೆ.

ಸಿಕ್ಕ ಪ್ರಸಂಗ ಸರಿಯಾದದ್ದೇ ಅಂತ ತಿಳಿಯಲು ನಾಲ್ಕು ಪರೀಕ್ಷೆ ಇವೆ. ಅದು ಒಂದು ಜಾಗದಲ್ಲಿ ನಡೆದಿರಬೇಕು. ಹೊತ್ತು ನೆನಪಿರಬೇಕು. ನಿಮ್ಮ ಕೈಗಳು ಏನನ್ನೋ ಹಿಡಿದಿರಬೇಕು. ಒಂದಾದರೂ ಮಾತು ಆಡಿದ ಹಾಗೇ ನೆನಪಿರಬೇಕು. ನಾಲ್ಕರಲ್ಲಿ ಎರಡು ಇಲ್ಲದಿದ್ದರೆ ಅದು ಪ್ರಸಂಗ ಅಲ್ಲ, ನಿಮ್ಮ ಬಗ್ಗೆ ನೀವೇ ಇಟ್ಟುಕೊಂಡಿರುವ ಅಭಿಪ್ರಾಯ. ಪಟ್ಟಿಯಲ್ಲಿ ಬೇರೆ ಸಾಲಿಗೆ ಹೋಗಿ.

ಪ್ರಸಂಗ ಸಣ್ಣದಿದ್ದಷ್ಟೂ ಒಳ್ಳೆಯದು. ಸಾವು, ವಿಚ್ಛೇದನ, ದೊಡ್ಡ ಮೋಸ, ಇಂಥವನ್ನು ಒಂದು ಸಿನಿಮಾದ ಪಕ್ಕದಲ್ಲಿಟ್ಟರೆ ಸಿನಿಮಾ ಅದರಡಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ದೊಡ್ಡದನ್ನು ಬರೆಯಲೇಬೇಕು ಅನ್ನಿಸಿದರೆ ಅದರ ಅಂಚಿನ ಒಂದು ಸಣ್ಣ ಗಳಿಗೆಯನ್ನು ತೆಗೆದುಕೊಳ್ಳಿ.

ಈ ಹಂತದ ಎಚ್ಚರಿಕೆಯ ಗುರುತು

ಬರೆದು ಎದ್ದ ಮೇಲೆ ಮನಸ್ಸು ಭಾರವಾದರೆ ಗಾಬರಿಯಾಗಬೇಡಿ. ಅಮೆರಿಕದ ಸಂಶೋಧಕರಾದ ಜೇಮ್ಸ್ ಪೆನ್‌ಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ನೋವಿನ ಘಟನೆಯ ಬಗ್ಗೆ ಬರೆದರು. ನಡೆದದ್ದನ್ನೂ ಅದರ ಜತೆಗಿನ ಭಾವನೆಯನ್ನೂ ಸೇರಿಸಿ ಬರೆದವರಿಗೆ ಬರೆದ ಬೆನ್ನಿಗೇ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಅಂದರೆ ಬರೆದ ಸಂಜೆಯ ಭಾರ ಸಹಜ. ಅದೇ ಭಾರ ದಿನಗಟ್ಟಲೆ ಇಳಿಯದೆ, ನಿದ್ದೆ ಊಟ ಕೆಟ್ಟರೆ ಬರಹ ಅಲ್ಲಿಗೇ ನಿಲ್ಲಿಸಿ. ನಂಬುವವರ ಹತ್ತಿರವೋ ವೈದ್ಯರ ಹತ್ತಿರವೋ ಮಾತಾಡಿ. ಯಾವ ಬರಹವೂ ನಿಮಗಿಂತ ದೊಡ್ಡದಲ್ಲ.

ಹಂತ 6: ಮೊದಲ ಕರಡು

ಮೂರನೇ ದಿನ. ಪ್ರಸಂಗದಿಂದ ಶುರು ಮಾಡಿ, ಸಿನಿಮಾದಿಂದ ಬೇಡ. ಓದುವವರಿಗೆ ಮೊದಲು ನಿಮ್ಮ ಕೋಣೆ ಕಾಣಲಿ. ಹತ್ತು ಹನ್ನೆರಡು ವಾಕ್ಯ ಆದ ಮೇಲೆ ಸಿನಿಮಾದ ದೃಶ್ಯ ತನ್ನಿ. ಸಿನಿಮಾದ ಹೆಸರು, ಮಾಡಿದವರು, ವರ್ಷ ಒಮ್ಮೆ ಹೇಳಿದರೆ ಸಾಕು. ಒಟ್ಟು ಕತೆಗೆ ಐದು ವಾಕ್ಯಕ್ಕಿಂತ ಹೆಚ್ಚು ಕೊಡಬೇಡಿ, ಕೊನೆಯ ತಿರುವನ್ನು ಹೇಳಲೇಬೇಡಿ. ಆಮೇಲೆ ಮತ್ತೆ ನಿಮ್ಮ ಪ್ರಸಂಗಕ್ಕೆ ಬನ್ನಿ.

ಎರಡರ ನಡುವೆ ಸೇತುವೆ ಕಟ್ಟಬೇಡಿ. ‘ಈ ದೃಶ್ಯ ನೋಡಿದಾಗ ನನಗೆ ನೆನಪಾದದ್ದು’ ಅನ್ನುವ ವಾಕ್ಯ ಬಂದರೆ ಹೊಡೆದುಹಾಕಿ. ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು, ಅರ್ಥ ತಾನಾಗಿ ಹುಟ್ಟುತ್ತದೆ. ಸಿನಿಮಾದವರು ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ನಿರ್ವಿಕಾರ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಒಬ್ಬ ಹೆಂಗಸಿನ ಪಕ್ಕ ಜೋಡಿಸಿದ. ನೋಡಿದವರಿಗೆ ಆ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವು. ಮುಖ ಬದಲಾಗಿರಲಿಲ್ಲ. ನಿಮ್ಮ ಬಿಸಿನೀರಿನ ಲೋಟವನ್ನು ಆ ಯುವಕನ ಮೂಗಿನ ಪಕ್ಕ ಇಡಿ, ಇಟ್ಟು ಸುಮ್ಮನಾಗಿ.

ಕ್ರಿಯಾಪದಗಳ ಕಾಲ ಬೆರೆಸಬೇಡಿ. ಸಿನಿಮಾದ ದೃಶ್ಯ ವರ್ತಮಾನದಲ್ಲಿರಲಿ, ‘ಬಡಿದುಕೊಳ್ಳುತ್ತಾನೆ’. ನಿಮ್ಮದು ಭೂತಕಾಲದಲ್ಲಿರಲಿ, ‘ಕುಡಿದೆ’, ‘ಮಲಗಿದೆ’. ಯಾವುದು ತೆರೆಯದು, ಯಾವುದು ನಿಮ್ಮದು ಅಂತ ಓದುವವರಿಗೆ ಒಂದು ಗಳಿಗೆಯೂ ಗೊಂದಲ ಆಗುವುದಿಲ್ಲ.

ಹಂತ 7: ಎರಡು ದಿನ ಬಿಟ್ಟು ತಿದ್ದುವುದು

ಗಟ್ಟಿಯಾಗಿ ಓದಿ. ಕೈಯಲ್ಲಿ ಪೆನ್ನು ಹಿಡಿದು ಮೂರು ಸಲ ಬೇರೆಬೇರೆ ಕಾರಣಕ್ಕೆ ಓದಬೇಕು.

ಮೊದಲ ಓದಿನಲ್ಲಿ ‘ನಾವು’, ‘ನಾವೆಲ್ಲ’, ‘ನಮ್ಮೆಲ್ಲರ’ ಅನ್ನುವುದಕ್ಕೆಲ್ಲ ಗೆರೆ ಎಳೆಯಿರಿ. ‘ನಾವೆಲ್ಲ ಪ್ರೀತಿಗಾಗಿ ಮುಖವಾಡ ಹಾಕಿಕೊಳ್ಳುತ್ತೇವೆ’ ಅಂತ ನನ್ನ ಕರಡಿನಲ್ಲೂ ಇತ್ತು. ಎಲ್ಲರೂ ಮಾಡುವುದೇ ಅಂದುಬಿಟ್ಟರೆ ನಾನು ಮಾಡಿದ್ದರ ತೂಕ ಇಳಿಯುತ್ತದೆ, ಆ ಆಸೆಯಿಂದಲೇ ‘ನಾವು’ ಬರುತ್ತದೆ. ಎಲ್ಲ ಕಡೆ ‘ನಾನು’ ಮಾಡಿ ಓದಿ ನೋಡಿ. ಓದುವಾಗ ಮುಖ ಬಿಸಿಯಾದರೆ ವಾಕ್ಯ ಸರಿಯಾಗಿದೆ.

ಎರಡನೇ ಓದಿನಲ್ಲಿ ‘ಎಂಬುದು’, ‘ಎನ್ನುವುದು’ ಹುಡುಕಿ. ‘ಪ್ರೀತಿ ಎಂಬುದು’, ‘ಬದುಕು ಎನ್ನುವುದು’ ಅಂತ ಶುರುವಾಗುವ ವಾಕ್ಯ ಹೆಚ್ಚಾಗಿ ವ್ಯಾಖ್ಯೆಯೇ ಆಗಿರುತ್ತದೆ. ತೆಗೆದು ನೋಡಿ. ಅದಿಲ್ಲದೆ ಬರಹ ಕುಂಟುತ್ತದೆಯೇ? ನಾನು ಓದಿದ ಹತ್ತಾರು ಕರಡುಗಳಲ್ಲಿ ಕುಂಟಿದ್ದು ಒಂದೂ ನೆನಪಿಲ್ಲ.

ಮೂರನೇ ಓದು ಕಠಿಣ. ಕರಡಿನಲ್ಲಿ ತಪ್ಪೆಲ್ಲ ಇನ್ನೊಬ್ಬರದೇ ಆಗಿದೆಯೇ ಅಂತ ನೋಡಿ. ನನ್ನ ಮೊದಲ ಕರಡಿನಲ್ಲಿ ಹಾಗೇ ಆಗಿತ್ತು. ಅವನಿಗೆ ತನ್ನಂಥವಳೇ ಬೇಕಿತ್ತು, ಅದಕ್ಕೆ ನಾನು ಎಂಟು ತಿಂಗಳು ನಿದ್ದೆ ಕೆಡಿಸಿಕೊಂಡೆ ಅನ್ನುವ ದನಿ. ಮೂರನೇ ಓದಿನಲ್ಲಿ ಅವನು ಆಡಿದ ಮಾತುಗಳನ್ನಷ್ಟೇ ಬೇರೆ ಹಾಳೆಯಲ್ಲಿ ಬರೆದು ನೋಡಿದೆ. ಬೇಗ ಏಳು ಅಂತ ಅವನು ಒಂದು ಸಲವೂ ಹೇಳಿರಲಿಲ್ಲ. ‘ಇಷ್ಟು ಬೇಗ ಫೋನು ಮಾಡಿದರೆ ತೊಂದರೆಯಾ?’ ಅಂತ ಎರಡು ಸಲ ಕೇಳಿದ್ದ. ಎರಡು ಸಲವೂ ‘ಇಲ್ಲ’ ಅಂದಿದ್ದು ನಾನು. ಬರಹ ಅಲ್ಲಿಂದ ಬೇರೆಯೇ ಆಯಿತು. ನೀವೂ ಹಾಗೇ ಮಾಡಿ. ಅವರು ನಿಜಕ್ಕೂ ಆಡಿದ ಮಾತು ಒಂದು ಹಾಳೆಯಲ್ಲಿ, ಅವರ ಬಾಯಿಗೆ ನೀವು ಹಾಕಿದ್ದು ಇನ್ನೊಂದರಲ್ಲಿ.

ಹಂತ 8: ಎಲ್ಲಿ ನಿಲ್ಲಿಸುವುದು

ಕೊನೆಯ ಪ್ಯಾರಾವನ್ನು ಅಂಗೈಯಿಂದ ಮುಚ್ಚಿ, ಅದರ ಹಿಂದಿನ ಪ್ಯಾರಾವನ್ನೇ ಕೊನೆ ಅಂದುಕೊಂಡು ಓದಿ. ಬಹಳ ಸಲ ಬರಹ ಅಲ್ಲೇ ಮುಗಿದಿರುತ್ತದೆ, ಮುಚ್ಚಿದ್ದು ಬರೀ ಪಾಠ.

ಕೊನೆ ಸಿಗದಿದ್ದರೆ ಕರಡಿನ ಮಧ್ಯದಲ್ಲಿ ಹುಡುಕಿ. ಗೆಳೆಯನೊಬ್ಬ ಮಿಶೆಲ್ ಗಾಂಡ್ರಿಯವರ ‘ಎಟರ್ನಲ್ ಸನ್‌ಶೈನ್ ಆಫ್ ದ ಸ್ಪಾಟ್‌ಲೆಸ್ ಮೈಂಡ್’ (2004) ನೋಡಿ ಬರೆದಿದ್ದ. ಬಿಟ್ಟುಹೋದ ಹುಡುಗಿಯ ನೆನಪನ್ನೆಲ್ಲ ತಲೆಯಿಂದ ಅಳಿಸಿಹಾಕಿಸಲು ಹೋದವನೊಬ್ಬ, ಅಳಿಸುವ ಕೆಲಸ ನಡೆಯುತ್ತಿರುವಾಗಲೇ ಬೇಡ ಅನ್ನಿಸಿ, ಅವಳನ್ನು ಅವಳಿಲ್ಲದ ನೆನಪುಗಳಲ್ಲಿ, ತನ್ನ ಬಾಲ್ಯದಲ್ಲಿ, ಬಚ್ಚಿಡಲು ನೋಡುವ ಸಿನಿಮಾ. ಗೆಳೆಯನ ಬರಹದ ಕೊನೆಗೆ ಮರೆವಿನ ಬಗ್ಗೆ ಇಡೀ ಒಂದು ಪುಟ ಇತ್ತು. ಆರನೇ ಪ್ಯಾರಾದ ನಡುವೆ, ಮಾತಿನ ಭರದಲ್ಲಿ ಬಂದ ಒಂದು ಸಾಲು: ‘ಅವಳ ನಂಬರ್ ಅಂದೇ ಅಳಿಸಿದೆ. ಫೋನಿನ ಲಾಕ್ ಮಾತ್ರ ಆ ನಂಬರಿನ ಕೊನೆಯ ನಾಲ್ಕಂಕಿಯೇ ಇದೆ.’ ಪೂರ್ತಿ ಸಿನಿಮಾವೇ ಆ ಎರಡು ವಾಕ್ಯದಲ್ಲಿತ್ತು, ಬರೆದವನಿಗೆ ಅದು ಕಂಡಿರಲಿಲ್ಲ. ಅವನ್ನು ಕೊನೆಗೆ ತಂದು ಮರೆವಿನ ಪುಟ ಕಿತ್ತುಹಾಕಿದ ಮೇಲೆ ಬರಹ ಅರ್ಧಕ್ಕಿಳಿಯಿತು. ಲಾಕ್ ಬದಲಿಸಿದ ಮೇಲೆಯೇ ಅದನ್ನು ಪ್ರಕಟಿಸಿದ, ಇಲ್ಲಿ ಹೇಳಲು ಒಪ್ಪಿಗೆಯನ್ನೂ ಕೊಟ್ಟ.

ಹಂತ 9: ಹೊರಗೆ ಕಳಿಸುವ ಮುಂಚೆ

ಸಿನಿಮಾದ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ, ನೀವು ಬರೆದದ್ದರ ಪಕ್ಕದಲ್ಲಿಟ್ಟು. ಇಷ್ಟು ದಿನದಲ್ಲಿ ನೆನಪು ಅದನ್ನು ತಿದ್ದಿರುತ್ತದೆ. ಕೋಟಿನ ಬಣ್ಣ, ಯಾರು ಮೊದಲು ಮಾತಾಡಿದ್ದು, ಮಳೆ ಇತ್ತೋ ಇಲ್ಲವೋ, ಇವೆಲ್ಲ ಬೇರೆಯಾಗಿರಬಹುದು. ತಪ್ಪು ಸಿಕ್ಕರೆ ತಿದ್ದಿ. ಒಂದೊಂದು ಸಲ ಆ ತಪ್ಪೇ ಬರಹಕ್ಕೆ ಬೇಕಾದದ್ದಾಗಿರುತ್ತದೆ. ಇಲ್ಲದ ಮಳೆಯನ್ನು ನಿಮ್ಮ ನೆನಪು ಯಾಕೆ ತಂದಿತು ಅನ್ನುವುದು ಯೋಚಿಸತಕ್ಕದ್ದು. ಹಾಗನ್ನಿಸಿದರೆ, ಮಳೆ ಇರಲಿಲ್ಲ ಅನ್ನುವುದನ್ನೂ ಸೇರಿಸಿಯೇ ಬರೆಯಿರಿ.

ಇನ್ನು ನಿಮ್ಮ ಬರಹದಲ್ಲಿ ಬಂದಿರುವ ಮನುಷ್ಯರು. ಹೆಸರು ತೆಗೆದರೆ ಸಾಲದು. ಹತ್ತಿರದವರು ಓದಿದರೆ ಯಾರೆಂದು ಗೊತ್ತಾಗುತ್ತದೆಯೇ ಅಂತ ಯೋಚಿಸಿ. ಕೆಲಸ, ಕಾಯಿಲೆ, ಮೈಯ ಗುರುತು, ಅವರು ನಿಮ್ಮೊಬ್ಬರಿಗೇ ಹೇಳಿದ ಗುಟ್ಟು, ಇವು ನಿಮ್ಮ ಸ್ವತ್ತಲ್ಲ. ಬಿಸಿನೀರಿನ ಲೋಟ ನನ್ನದು, ಬರೆದೆ. ಅವನು ನಸುಕಿನಲ್ಲಿ ಏಳುತ್ತಿದ್ದದ್ದು ಯಾಕೆ ಅನ್ನುವುದು ಅವನದು, ಬರೆದಿಲ್ಲ.

ಗುರುತು ಸಿಗುವಂತಿದ್ದರೆ ಬರಹವನ್ನು ಅವರಿಗೇ ಕಳಿಸಿ ಕೇಳಿ. ‘ಹೇಗಿದೆ’ ಅಂತ ಕೇಳಬೇಡಿ, ‘ಇದರಲ್ಲಿ ಬೇಡ ಅನ್ನಿಸುವುದು ಯಾವುದು’ ಅಂತ ಕೇಳಿ. ಒಂದು ಸಾಲು ಬೇಡ ಅಂದರೆ ಆ ಸಾಲು ತೆಗೆಯಿರಿ. ಪೂರ್ತಿ ಬೇಡ ಅಂದರೆ ಪೂರ್ತಿ ಬಿಡಿ, ವಾದ ಮಾಡಬೇಡಿ. ಮಾತುಕತೆ ನಿಂತು ಎಷ್ಟೋ ವರ್ಷವಾಗಿ, ಕೇಳುವ ದಾರಿಯೇ ಇಲ್ಲದಿದ್ದರೆ ಗುರುತು ಹತ್ತುವ ವಿವರ ಒಂದೂ ಉಳಿಯದಂತೆ ತೆಗೆಯಿರಿ. ತೆಗೆದ ಮೇಲೆ ಪ್ರಸಂಗವೇ ಉಳಿಯಲಿಲ್ಲ ಅಂದರೆ ಐದನೇ ಹಂತದ ಪಟ್ಟಿ ತೆರೆಯಿರಿ. ಅಲ್ಲಿ ಇನ್ನೂ ಒಂಬತ್ತು ಸಾಲು ಇವೆ, ಪ್ರಶ್ನೆ ಅದೇ ಸಿನಿಮಾದ್ದು.